ಆರು ನಾಟಕ, ಒಂದು ಬಲಗೈ

ಜನವರಿ 6

ಟೈಪಿಂಗ್ ಕೋಣೆಯಲ್ಲಿ ನೆರೆದಿರುವ ರಸಿಕ ಮಹಾಜನರೇ!

ಕಿಟಕಿಯ ಪಕ್ಕದವರೇ, ಗೋಡೆಯ ಪಕ್ಕದವರೇ, ಬಾಗಿಲಿಗೆ ಒರಗಿಕೊಂಡು ಪುಕ್ಕಟೆ ಆಟ ನೋಡುವವರೇ! ಚಹಾದ ಲೋಟ ಕೆಳಗಿಡಿ. ಕೆಮ್ಮುವುದಿದ್ದರೆ ಈಗಲೇ ಕೆಮ್ಮಿ ಮುಗಿಸಿ. ಪರದೆ ಏಳುತ್ತಿದೆ!

ಮೂವತ್ತೆಂಟು ವರ್ಷ ಮುಖಕ್ಕೆ ಬಣ್ಣ ಹಚ್ಚಿದವನು, ಹನ್ನೊಂದು ನಾಟಕ ಬರೆದು ಹನ್ನೊಂದರಲ್ಲೂ ತಾನೇ ರಾಜನಾಗಿ ಮೆರೆದವನು, ಈಗ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಹೊರಡುವ ಗಾಡಿಗಳ ಹೆಸರು ಸಾರುವವನು, ನಿಮ್ಮ ಚೂಟಿಯ ಅಪ್ಪ, ರಾಜಾಪಾರ್ಟು, ಸಭೆಗೆ ವಂದಿಸುತ್ತಿದ್ದಾನೆ. ಫೋನು ಮಾಡಬಾರದೇ ಎಂದು ಕೇಳಬೇಡಿ. ನಗಾರಿಯ ಪಕ್ಕ ನಿಂತು ನಿಂತು ನನ್ನ ಕಿವಿಗಳು ಎಂದೋ ರಾಜೀನಾಮೆ ಕೊಟ್ಟಿವೆ. ಹೇಳುವುದು ನನ್ನ ಕಸುಬು, ಕೇಳುವುದು ನಿಮ್ಮ ಪಾಲಿನದು.

ಈಗ ಸಮಾಚಾರ. ಐದನೆಯ ನಾಟಕ ಟೈಪಾಗಿ ನನ್ನ ಕೈ ಸೇರಿತು! ಇಲಿ ಕಡಿದ, ಎಣ್ಣೆ ಕಲೆ ಬಿದ್ದ, ನನ್ನ ಕೋಳಿಕಾಲಿನ ಅಕ್ಷರದ ಆ ನೋಟುಬುಕ್ಕು ಹೋಗಿ ನಲವತ್ತು ಹಾಳೆಯ ಶುಭ್ರವಾದ ಕಟ್ಟು ಬಂದಿದೆ. ಬುಕಿಂಗ್ ಗುಮಾಸ್ತನಿಗೆ ತೋರಿಸಿದೆ. "ಅಣ್ಣಾ, ಅಚ್ಚಾದ ಪುಸ್ತಕ ಇದ್ದ ಹಾಗಿದೆ" ಅಂದ. "ಇದ್ದ ಹಾಗಿದೆ ಅಂದ್ರೆ ಏನಯ್ಯಾ! ಇದೇ ಪುಸ್ತಕ!" ಅಂದೆ. ಅವನು ಹೆದರಿ ಇಬ್ಬರಿಗೆ ಚಿಲ್ಲರೆ ಕೊಡುವುದನ್ನೇ ಮರೆತ.

ವಾರವಿಡೀ ನಿಮ್ಮ ಜೊತೆ ದುಡಿದು ಭಾನುವಾರ ಕೂತು ನನ್ನ ರಾಜ್ಯ ಕಟ್ಟುತ್ತಾಳೆ ನನ್ನ ಮಗಳು. ಇಂಥ ಮಗಳು ಯಾವ ರಾಜನಿಗಿದ್ದಳು, ಎದ್ದು ನಿಂತು ಹೇಳಿ! ಚಪ್ಪಾಳೆ! ಇನ್ನೂ ಜೋರಾಗಿ, ನನಗೆ ಕೇಳಿಸಲಿಲ್ಲ.

ಆರನೆಯ ನೋಟುಬುಕ್ಕು ಇದರ ಜೊತೆಗಿದೆ. ಇದೇ ನನ್ನ ಹಿರಿಯ ಕೃತಿ. ರಾಣಿ ಸಾಯುವ ಅಂಕದಲ್ಲಿ ಹೆಂಗಸರು ಬೆಂಚು ಹಿಡಿದುಕೊಂಡು ಅತ್ತಿದ್ದಾರೆ.

(ಸ್ವಗತ. ಇದು ಚೂಟಿಯ ಕಣ್ಣಿಗೆ ಮಾತ್ರ. ಗಟ್ಟಿಯಾಗಿ ಓದುತ್ತಿರುವವರು ಹಾರಿಸಿ ಮುಂದಕ್ಕೆ ಹೋಗತಕ್ಕದ್ದು: ಮಗಾ, ಹೋದ ಕಾಗದದಲ್ಲಿ ನಿನ್ನ ಅಕ್ಷರ ಯಾಕೆ ಹಾಗೆ ನಡುಗುತ್ತಿತ್ತು? ಬಸ್ಸಿನಲ್ಲಿ ಕೂತು ಬರೆದೆಯಾ?)

ಪರದೆ!

ನಿಮ್ಮೆಲ್ಲರ
ರಾಜಾಪಾರ್ಟು


ಜನವರಿ 19

ಅಪ್ಪಾ,

ಈ ಕಾಗದ ನಿಮಗೊಬ್ಬರಿಗೇ. ಬುಕಿಂಗ್ ಗುಮಾಸ್ತರಿಗೆ ತೋರಿಸಬೇಡಿ. ಕೆಳಗಿನ ಸೈಕಲ್ ಅಂಗಡಿಯವರನ್ನು ಕೂರಿಸಿಕೊಂಡು ಓದಿ ಹೇಳಬೇಡಿ.

ಹೋದ ಸಲ ಬಸ್ಸಿನಲ್ಲಿ ಕೂತು ಬರೆದದ್ದಲ್ಲ, ಮೇಜಿನ ಮೇಲೇ ಬರೆದದ್ದು. ಇದನ್ನೂ ಅಲ್ಲೇ ಬರೀತಿದ್ದೀನಿ, ನಾಲ್ಕು ದಿನದಿಂದ, ಇಷ್ಟಿಷ್ಟೇ.

ಬಲಗೈ ನೋಯುತ್ತೆ. ಮೊದಲು ಹೆಬ್ಬೆರಳಿನ ಬುಡದಲ್ಲಿ ಸಣ್ಣಗೆ ಇತ್ತು. ಆಮೇಲೆ ಬೆರಳುಗಳಿಗೆ ಜೋಮು ಹಿಡಿಯೋಕೆ ಶುರುವಾಯಿತು. ಬೆಳಗ್ಗೆ ಎದ್ದಾಗ ಮೂರು ಬೆರಳು ಬೇರೆ ಯಾರದೋ ಅನ್ನಿಸುತ್ತೆ. ಈಗ ಮಣಿಕಟ್ಟಿನಿಂದ ಮೊಣಕೈ ದಾಟಿ ಭುಜದವರೆಗೆ ಯಾರೋ ತಂತಿ ಬಿಗಿದು ಎಳೆದ ಹಾಗಾಗುತ್ತೆ. ಬಾಟಲಿ ಮುಚ್ಚಳ ತಿರುಗಿಸೋಕಾಗಲ್ಲ. ಜಡೆ ಹೆಣೆಯೋಕಾಗಲ್ಲ ಅಂತ ಕೂದಲು ಕತ್ತರಿಸಿಕೊಂಡೆ. ಕಚೇರಿಯಲ್ಲಿ ಎಲ್ಲರೂ "ಏನೇ, ಚೆನ್ನಾಗಿ ಕಾಣ್ತೀಯಲ್ಲೇ" ಅಂದರು.

ನಾನು ಮಾಡೋ ಕೆಲಸ ಏನು ಅಂತ ನೀವು ಯಾವತ್ತೂ ಕೇಳಿಲ್ಲ, ನಾನೂ ಹೇಳಿಲ್ಲ. ಡಾಕ್ಟರುಗಳು ರೋಗಿಯನ್ನು ನೋಡಿ ಒಂದು ಯಂತ್ರದೊಳಗೆ ಮಾತಾಡಿ ಇಡ್ತಾರೆ. ನಾವು ಹೆಡ್‌ಫೋನಿನಲ್ಲಿ ಅದನ್ನ ಕೇಳ್ತಾ ವರದಿ ಟೈಪ್ ಮಾಡ್ತೀವಿ. ಕಾಲ ಕೆಳಗೆ ಒಂದು ಪೆಡಲು, ಒತ್ತಿದರೆ ಡಾಕ್ಟರ ಮಾತು ಓಡುತ್ತೆ, ಬಿಟ್ಟರೆ ನಿಲ್ಲುತ್ತೆ. ಎಷ್ಟು ಸಾಲು ಆಯಿತು ಅನ್ನೋದು ಪರದೆಯ ಮೂಲೆಯಲ್ಲಿ ಏರ್ತಾನೇ ಇರುತ್ತೆ. ನನ್ನ ಕೈಗೆ ಬಂದಿರೋ ಕಾಯಿಲೆಯ ಹೆಸರು ಡಾಕ್ಟರು ಹೇಳೋಕೆ ಮುಂಚೆಯೇ ನನಗೆ ಗೊತ್ತಿತ್ತು. ಬೇರೆಯವರ ವರದಿಗಳಲ್ಲಿ ನೂರು ಸಲ ಟೈಪ್ ಮಾಡಿದ್ದೀನಿ. "ಕೈಗೆ ವಿಶ್ರಾಂತಿ ಕೊಡತಕ್ಕದ್ದು" ಅನ್ನೋ ಸಾಲನ್ನಂತೂ ಕಣ್ಣು ಮುಚ್ಚಿ ಹೊಡೀತೀನಿ.

ಮಾರ್ಚಿನಲ್ಲಿ ಕಾಯಂ ಪಟ್ಟಿ ಬರುತ್ತೆ. ನಾಲ್ಕು ವರ್ಷ ಕಾದಿದ್ದೀನಿ ಅಪ್ಪಾ. ಅದಕ್ಕೆ ಮುಂಚೆ ಗಡಿಯಾರದ ಕಿವಿಗೆ ಇದು ಬಿದ್ದರೆ ನನ್ನ ಹೆಸರು ಪಟ್ಟಿಯಲ್ಲಿ ಇರಲ್ಲ. ಗಡಿಯಾರ ಅಂದರೆ ನಮ್ಮ ಮೇಲ್ವಿಚಾರಕರು. ನಾವು ಇಟ್ಟ ಹೆಸರು. ನಿಮ್ಮ ಕಾಗದ ಬಂದ ದಿನ ನಾಲ್ಕು ಗಂಟೆಗೆ ಎಲ್ಲರೂ ಸುತ್ತ ಸೇರಿ ಓದಿಸಿಕೊಳ್ಳೋದು ನಿಮಗೆ ಗೊತ್ತೇ ಇದೆ. ಅದಕ್ಕೇ ಹೇಳ್ತಿದ್ದೀನಿ, ಕಚೇರಿಗೆ ಬರೆಯೋ ಕಾಗದದಲ್ಲಿ ಇದು ಬೇಡ. ಯಾರಿಗೂ ಹೇಳಬೇಡಿ.

ಆರನೆಯ ನಾಟಕ ಸ್ವಲ್ಪ ತಡವಾಗುತ್ತೆ.

ನಿಮ್ಮ
ಚೂಟಿ


ಜನವರಿ 27

ಟೈಪಿಂಗ್ ಕೋಣೆಯ ವೀರರೇ, ವೀರವನಿತೆಯರೇ!

ಇಂದಿನ ಆಟದಲ್ಲಿ ಯುದ್ಧವಿಲ್ಲ, ಬರೀ ಹಾಸ್ಯ. ನಿನ್ನೆ ಮಧ್ಯಾಹ್ನ ಹನ್ನೆರಡರ ಗಾಡಿ ಕೆಟ್ಟು ನಿಂತಿತು. ಪ್ರಯಾಣಿಕರು ರೊಚ್ಚಿಗೆದ್ದು ಕೌಂಟರಿನ ಗಾಜು ಬಡಿಯುತ್ತಿದ್ದರು. ಗುಮಾಸ್ತ ಮೇಜಿನ ಕೆಳಗೆ ಸೇರಿಕೊಂಡ. ನಾನು ಮೈಕು ಹಿಡಿದು, ನಾಲ್ಕನೆಯ ನಾಟಕದ ಸೇನಾಪತಿಯ ಮಾತನ್ನು ಹಾಗೇ ಬಿಟ್ಟೆ: "ಎಲವೋ ಸೈನಿಕರೇ! ಹಸಿದ ಹೊಟ್ಟೆಯಲ್ಲಿ ಕೋಟೆಯನ್ನು ಮುತ್ತಬೇಡಿ! ಮೊದಲು ಉಣ್ಣಿ!" ನಂಬುತ್ತೀರೋ ಇಲ್ಲವೋ, ಅರ್ಧ ಜನ ಕ್ಯಾಂಟೀನಿಗೆ ಹೋದರು! ಇನ್ನರ್ಧ ಜನ ನನ್ನನ್ನು ಬೈದರು. ರಂಗಭೂಮಿಯಲ್ಲೂ ಇದೇ ಲೆಕ್ಕಾಚಾರ.

(ಸ್ವಗತ. ಸ್ವಗತ. ಎರಡು ಸಲ ಬರೆದಿದ್ದೇನೆ. ಓದುವವರು ಇಲ್ಲಿಂದ ಆವರಣ ಮುಗಿಯುವವರೆಗೆ ಹಾರಿಸತಕ್ಕದ್ದು. ಮಗಾ, ನಿನ್ನ ಕಾಗದ ಓದಿ ಕೂತಲ್ಲಿ ಕೂರಲಾರದೆ ನಿಲ್ದಾಣವನ್ನು ಒಂಬತ್ತು ಸುತ್ತು ಹಾಕಿದೆ. ಕೈ ನೋವಂತೆ! ಹೆದರಬೇಡ. ನಾನು ಒಂದು ಕಾಲು ಉಳುಕಿಕೊಂಡೇ ಇಡೀ ರಾಜ್ಯ ಗೆದ್ದಿದ್ದೇನೆ, ಜನಕ್ಕೆ ಗೊತ್ತಾಗಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿಟ್ಟುಕೋ. ಕೆಲಸದ ನಡುವೆ ಕೈ ಒದರು. ನೋವು ಯಾರಿಗೂ ಕಾಣದ ಹಾಗೆ ಮಾರ್ಚ್ ದಾಟಿಬಿಡು, ಪಟ್ಟಿಯಲ್ಲಿ ಹೆಸರು ಬಂದಮೇಲೆ ಆ ಗಡಿಯಾರದ ಮುಳ್ಳು ಏನು ಮಾಡುತ್ತದೆ! ನಾಟಕದ ಕೆಲಸ ಈ ಭಾನುವಾರ ಮೂರು ತಾಸು ಬೇಡ, ಎರಡೇ ತಾಸು ಸಾಕು. ರಾಣಿ ಸಾಯುವ ಅಂಕ ಮಾತ್ರ ಮುಗಿಸು.)

ಹಾಸ್ಯ ಮುಗಿಯಿತು. ಚಹಾ ಆರಿತು. ಎಲ್ಲರೂ ಅವರವರ ಆಸನಕ್ಕೆ!

ರಾಜಾಪಾರ್ಟು


ಫೆಬ್ರವರಿ 9

ಅಪ್ಪ,

ನಿಮ್ಮ ಕಾಗದ ಬಂದ ದಿನ ನಾನು ಡಾಕ್ಟರ ಹತ್ತಿರ ಹೋಗಿದ್ದೆ. ದೊಡ್ಡಕ್ಕ ಒಡೆದು ಓದಿದರು. ನನ್ನ ಪಕ್ಕದ ಮೇಜಿನವರು, ನಾನಿಲ್ಲದಾಗ ಯಾವಾಗಲೂ ಅವರೇ ಓದೋದು. ನಿಮ್ಮ ಸ್ವಗತಗಳನ್ನ ಅವರು ಒಂದು ದಿನಕ್ಕೂ ಹಾರಿಸಿದವರಲ್ಲ. ಎಲ್ಲರಿಗೂ ಅವೇ ಇಷ್ಟ. "ಹಾರಿಸತಕ್ಕದ್ದು" ಅನ್ನೋ ಮಾತಿಗೇ ಮೊದಲು ನಗೋದು. ಹಾಸ್ಯಕ್ಕೆ ಬರೀತೀರಿ ಅಂತಲೇ ಅವರೆಲ್ಲ ತಿಳಿದಿದ್ದರು. ನಾನು ಇದನ್ನ ನಿಮಗೆ ಹೇಳಿರಲಿಲ್ಲ. ಅದು ನನ್ನ ತಪ್ಪು.

ನಿಜದ ಮಾತು ಅಂತ ಗೊತ್ತಾಗೋ ಹೊತ್ತಿಗೆ ಅರ್ಧ ಓದಿ ಆಗಿತ್ತಂತೆ. ಬಾಗಿಲಲ್ಲಿ ಗಡಿಯಾರ ನಿಂತಿತ್ತು. "ಪೂರ್ತಿ ಓದಿ" ಅಂದರಂತೆ. ಆಮೇಲೆ ಕಾಗದ ಇಸಿದುಕೊಂಡು ಹೋದರು.

ಪಟ್ಟಿಯಿಂದ ಹೆಸರು ತೆಗೆದಿದ್ದಾರೆ. ಏಪ್ರಿಲ್ ಹನ್ನೊಂದಕ್ಕೆ ಮೂರು ಜನರ ಸಮಿತಿ ಕೂರುತ್ತೆ. ನೋವು ಕಚೇರಿ ಕೆಲಸದಿಂದ ಬಂದದ್ದು ಅಂತ ತೀರ್ಮಾನವಾದರೆ ಚಿಕಿತ್ಸೆ ಅವರದು, ನನ್ನ ಜಾಗ ಉಳಿಯುತ್ತೆ. ಇಲ್ಲವಾದರೆ ಅವತ್ತೇ ಕೊನೆ. ಅಲ್ಲಿವರೆಗೆ ಫೈಲು ಕೋಣೆಯಲ್ಲಿ ಕೂರಿಸಿದ್ದಾರೆ.

ಅಪ್ಪ, ನೀವು ರಂಗದ ಮೇಲೆ ಸ್ವಗತ ಹೇಳಿದರೆ ಮೂರಡಿ ದೂರ ನಿಂತ ಮಂತ್ರಿಗೆ ಕೇಳಿಸಲ್ಲ, ಕೊನೆಯ ಬೆಂಚಿನವನಿಗೆ ಕೇಳಿಸುತ್ತೆ. ಇದು ಕಚೇರಿ.

ಕಚೇರಿಗೆ ಇನ್ನು ಬರೀಬೇಡಿ. ಕೆಲವು ದಿನ ನನಗೂ ಬರೀಬೇಡಿ.

ಮಗಳು


ಫೆಬ್ರವರಿ 16

ಚೂಟಿ,

ಬರೆಯಬೇಡ ಅಂದೆ. ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಒಟ್ಟಿಗೆ ಬೈದುಬಿಡು.

ಸಭೆ ಇಲ್ಲದೆ ಕಾಗದ ಬರೆದು ನನಗೆ ರೂಢಿಯಿಲ್ಲ. ಮೊದಲ ಸಾಲು ಬರೆಯುವುದಕ್ಕೇ ಒಂದು ಬೆಳಗ್ಗೆ ಹೋಯಿತು. ನಿನ್ನ ಅಮ್ಮ ಇದ್ದಿದ್ದರೆ "ರೀ, ಒಂದು ಸಲ ಬಾಯಿ ಮುಚ್ಚಿಕೊಂಡಿದ್ರೆ ನಿಮ್ಮ ಕಿರೀಟ ಬೀಳ್ತಿತ್ತಾ?" ಅನ್ನುತ್ತಿದ್ದಳು. ನಾನು ಮುಚ್ಚಿಕೊಂಡೇ ಇದ್ದೆನಲ್ಲ ಮಗಾ! ಯಾರಿಗೂ ಹೇಳಲಿಲ್ಲ! ಆವರಣದೊಳಗೆ ಹಾಕಿದ್ದೆ! ಅದರೊಳಗಿನ ಮಾತು ಆಚೆ ಹೋಗುತ್ತದೆ ಅಂತ ನನಗೆ ನಿಜವಾಗಿಯೂ ಹೊಳೆಯಲಿಲ್ಲ. ಇಷ್ಟು ವಯಸ್ಸಾಗಿದೆ, ಹೊಳೆಯಲಿಲ್ಲ.

ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಆರು ಗಂಟೆಯ ಗಾಡಿಯನ್ನು ಎರಡು ಸಲ ಕಳಿಸಿದೆ, ಏಳು ಗಂಟೆಯದನ್ನು ಕಳಿಸಲೇ ಇಲ್ಲ. ಡ್ರೈವರು ಬಂದು "ಏನು ಮಹಾರಾಜರೇ, ನಮ್ಮನ್ನ ಗಡೀಪಾರು ಮಾಡಿದ್ರಾ?" ಅಂದ. ನಗು ಬರಲಿಲ್ಲ.

ಆಮೇಲೆ ಒಂದು ಕೆಲಸ ಮಾಡಿದೆ. ಗುಮಾಸ್ತ ಊಟಕ್ಕೆ ಹೋದಾಗ ಅವನ ಕೀಬೋರ್ಡಿನ ಮುಂದೆ ಕೂತು ನನ್ನದೇ ಮಾತನ್ನು ಹೊಡೆಯತೊಡಗಿದೆ, ಐದನೆಯದರ ಮೊದಲ ಅಂಕ. ಬಾಯಿಪಾಠ ಇರುವುದು, ಎಷ್ಟು ಹೊತ್ತಿನ ಕೆಲಸ ಅಂದುಕೊಂಡೆ. ಅವನು ಊಟ ಮುಗಿಸಿ ಬರುವ ಹೊತ್ತಿಗೆ ಹತ್ತೊಂಬತ್ತು ಸಾಲು ಆಗಿತ್ತು. ಕುತ್ತಿಗೆ ಸೆಟೆದುಕೊಂಡಿತ್ತು. ತೋರುಬೆರಳು ಮಡಚಲು ಆಗಲಿಲ್ಲ. ಸಂಜೆ ಮೈಕನ್ನು ಎಡಗೈಯಲ್ಲಿ ಹಿಡಿದೆ. ನೀನು ದಿನಕ್ಕೆ ಎಷ್ಟು ಸಾಲು ಹೊಡೆಯುತ್ತೀ? ನೂರು? ನೂರೈವತ್ತು? ಅಷ್ಟು ಇದ್ದರೂ ನಿನ್ನ ಕೈ ಕಬ್ಬಿಣದ್ದೇ ಇರಬೇಕು.

ಒಂದು ಸಾಲು ಬರೆ. ಬೈಗುಳವೇ ಆಗಲಿ.

ಅಪ್ಪ, ರಾಜಾಪಾರ್ಟು


ಮಾರ್ಚ್ 3

ಚೂಟಿ,

ಹದಿನೈದು ದಿನ ಆಯಿತು. ಅಂಚೆಯವನು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾನೆ.

ಸಮಿತಿಯ ಮುಂದೆ ಏನು ಹೇಳಬೇಕೆಂದು ಯೋಚನೆ ಮಾಡಿದ್ದೀಯಾ? ನಾನು ಬಂದು ಮಾತಾಡಲಾ? ಮೂರು ಜನ ಏನು ಮಹಾ, ಮೂರು ಸಾವಿರ ಜನರನ್ನು ಕೂರಿಸಿದ್ದೇನೆ. "ಕಲಾವಿದನ ಮಗಳ ಕೈ ಇದು!" ಎಂದು ಶುರು ಮಾಡಿದರೆ ಅವರ ಪೆನ್ನು ಕೆಳಗೆ ಬೀಳಬೇಕು.

ಇನ್ನೊಂದು ಮಾತು, ತಪ್ಪು ತಿಳಿಯಬೇಡ. ಆರನೆಯದರ ಕೊನೆಯ ಅಂಕ ಎಲ್ಲಿಗೆ ಬಂತು? ಅವಸರ ಇಲ್ಲ. ಗೊತ್ತಿದ್ದರೆ ಮನಸ್ಸಿಗೆ ನೆಮ್ಮದಿ, ಅಷ್ಟೇ.

ಅಪ್ಪ, ರಾಜಾಪಾರ್ಟು


ಮಾರ್ಚ್ 14

ರಾಜಾಪಾರ್ಟು ಅವರಿಗೆ ನಮಸ್ಕಾರ.

ನಾನು ದೊಡ್ಡಕ್ಕ. ನಿಮ್ಮ ಕಾಗದಗಳನ್ನ ಗಟ್ಟಿಯಾಗಿ ಓದುತ್ತಿದ್ದವಳು. ಅವತ್ತು ಓದಿದವಳೂ ನಾನೇ. ಅರ್ಧಕ್ಕೆ ನಿಲ್ಲಿಸೋಕೆ ನನ್ನಿಂದ ಆಗಬಹುದಿತ್ತು. ಗಡಿಯಾರ "ಪೂರ್ತಿ ಓದಿ" ಅಂದಾಗ ಕನ್ನಡಕ ಮರೆತೆ ಅಂತಲೋ ಏನೋ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದನ್ನ ನಾನು ಹೊತ್ತುಕೊಂಡಿದ್ದೀನಿ. ನಿಮ್ಮ ಪಾಲಿನದನ್ನ ನಿಮಗೆ ತಲುಪಿಸೋಣ ಅಂತ ಈ ಕಾಗದ.

ಆರನೆಯ ನಾಟಕ ಪೂರ್ತಿ ಇದರ ಜೊತೆ ಇದೆ. ನಿಮ್ಮ ಮಾರ್ಚ್ ಮೂರರ ಕಾಗದ ಬಂದ ವಾರದ ಭಾನುವಾರ ಅವಳು ಕೊನೆಯ ಅಂಕವನ್ನ ಎಡಗೈಯೊಂದರಲ್ಲೇ ಹೊಡೆದು ಮುಗಿಸಿದಳು. ನಾನು ಅವಳ ಕೋಣೆಗೆ ಹೋಗಿದ್ದೆ. ಬಲಗೈಗೆ ಪಟ್ಟಿ ಕಟ್ಟಿ ದಿಂಬಿನ ಮೇಲೆ ಇಟ್ಟುಕೊಂಡಿದ್ದಳು. "ಬಿಡೇ, ಯಾಕೆ ಜೀವ ತೆಗೀತಾನೆ ನಿಮ್ಮಪ್ಪ" ಅಂದೆ. ಕೋಪ ಮಾಡಿಕೊಳ್ಳಬೇಡಿ, ಹಾಗೇ ಅಂದೆ. "ಅವರು ಅವಸರ ಇಲ್ಲ ಅಂತ ಬರೆದಿದ್ದಾರೆ ಅಕ್ಕ, ಅಂದ್ರೆ ಅವಸರ ಇದೆ" ಅಂದಳು.

ಅಣ್ಣಾ, ನಿಮಗೆ ಗೊತ್ತಿರಬೇಕಾದ್ದು ಇನ್ನೂ ಇದೆ. ಸಮಿತಿಯ ಮುಂದೆ ಇಡೋಕೆ ಗಡಿಯಾರ ನಿಮ್ಮ ಕಾಗದಗಳನ್ನ ಜೋಡಿಸಿಟ್ಟಿದ್ದಾರೆ. ನಾವು ಓದಿ ನಕ್ಕು ಗೋಡೆಯ ಹಲಗೆಗೆ ಸಿಕ್ಕಿಸುತ್ತಿದ್ದೆವಲ್ಲ, ಅವನ್ನೆಲ್ಲ. "ಭಾನುವಾರ ಕೂತು ನನ್ನ ರಾಜ್ಯ ಕಟ್ಟುತ್ತಾಳೆ", "ಮೂರು ತಾಸು", "ಹಿರಿಯ ಕೃತಿ". ಕೆಳಗೆ ಕೆಂಪು ಗೆರೆ. ಮನೆಯಲ್ಲಿ ಇವಳು ಅಪ್ಪನ ದೊಡ್ಡ ದೊಡ್ಡ ನಾಟಕ ಟೈಪ್ ಮಾಡಿ ಕೈ ಕೆಡಿಸಿಕೊಂಡಳು, ಕಚೇರಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳ್ತಾರೆ. ಆರು ನಾಟಕ ಅಂದರೆ ಕೇಳಿದವರಿಗೆ ಬೆಟ್ಟವೇ ಕಾಣುತ್ತೆ.

ಮತ್ತೆ ಇದು ಅವಳೊಬ್ಬಳ ಕೈ ಮಾತಲ್ಲ. ಅವತ್ತು ನಾನು ಓದಿ ಮುಗಿಸಿದಾಗ ಕಿಟಕಿ ಪಕ್ಕದವಳು ಅಂಗಿಯ ತೋಳನ್ನ ಕೆಳಗೆ ಎಳೆದುಕೊಂಡಳು. ಒಳಗೆ ಅವಳೂ ಪಟ್ಟಿ ಕಟ್ಟಿಕೊಂಡು ಬರ್ತಾಳೆ. ನನ್ನ ಹೆಬ್ಬೆರಳು ಎರಡು ವರ್ಷದಿಂದ ಸೂಜಿಗೆ ದಾರ ಪೋಣಿಸಿಲ್ಲ. ಚೂಟಿಯ ಕೈ ನಾಟಕದಿಂದ ಹೋಯಿತು ಅಂತ ಬರೆದುಬಿಟ್ಟರೆ ಮಿಕ್ಕವರ ಕೈ ಯಾರೂ ಕೇಳಲ್ಲ. ನಮ್ಮಪ್ಪಂದಿರು ಯಾರೂ ನಾಟಕ ಬರೆದವರಲ್ಲ.

ನಿಮ್ಮ ಮಗಳು ನಿಮ್ಮ ಮೇಲೆ ದೂರು ಹೇಳಿದವಳಲ್ಲ. ಭಾನುವಾರ ಒಂದು ದಿನ ಕೈಗೆ ರಜೆ ಸಿಕ್ಕಿದ್ದರೆ ಅಂತ ಡಾಕ್ಟರು ಅಂದಾಗ ಸುಮ್ಮನೆ ಕಿಟಕಿ ನೋಡಿದಳು. ಜೊತೆಗೆ ನಾನಿದ್ದೆ.

ಇಂತಿ,
ದೊಡ್ಡಕ್ಕ


ಮಾರ್ಚ್ 19

ದೊಡ್ಡಕ್ಕನವರಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಗಟ್ಟಿಯಾಗಿ ಓದಲಿಲ್ಲ.

ಮೂರು ಪ್ರಶ್ನೆ. ಕಚೇರಿಯ ಒಂದು ಸಾಲು ಎಷ್ಟು ಉದ್ದ? ಚೂಟಿ ನನಗೆ ಹೊಡೆದ ಸಾಲೂ ಅಷ್ಟೇ ಉದ್ದವೋ? ಒಬ್ಬರು ದಿನಕ್ಕೆ ಎಷ್ಟು ಸಾಲು ಹೊಡೆಯಬೇಕು?

ಬೇರೇನೂ ಬರೆಯಲು ಕೈ ಬರುತ್ತಿಲ್ಲ.

ಚೂಟಿಯ ಅಪ್ಪ


ಮಾರ್ಚ್ 25

ಅಣ್ಣನವರಿಗೆ,

ಸಾಲು ಒಂದೇ ಅಳತೆ. ಕಚೇರಿಯ ಅಚ್ಚಿನಲ್ಲೇ ಅವಳು ನಿಮ್ಮದನ್ನೂ ಹೊಡೆದಿದ್ದಾಳೆ, ಬೇರೆ ಅವಳಿಗೆ ಗೊತ್ತಿಲ್ಲ. ದಿನಕ್ಕೆ ಸಾವಿರದ ನೂರು. ಕಡಿಮೆಯಾದರೆ ಮರುದಿನಕ್ಕೆ ಸೇರುತ್ತೆ. ವಾರಕ್ಕೆ ಆರು ದಿನ, ಅವಳಿಗೆ ನಾಲ್ಕು ವರ್ಷ, ನನಗೆ ಹದಿಮೂರು.

ಯಾಕೆ ಕೇಳಿದಿರಿ?

ದೊಡ್ಡಕ್ಕ


ಏಪ್ರಿಲ್ 3

ಅಪ್ಪ,

ಎಡಗೈಯಲ್ಲಿ ಬರೀತಿದ್ದೀನಿ. ಓದೋಕೆ ಕಷ್ಟವಾದರೆ ಕ್ಷಮಿಸಿ.

ನೀವು ಬರ್ತೀರಿ ಅಂತ ದೊಡ್ಡಕ್ಕನ ಮುಖ ನೋಡಿದರೇ ತಿಳಿಯಿತು. ಬರಬೇಡಿ. ನಿಮ್ಮ ಮೇಲಿನ ಸಿಟ್ಟಿಗೆ ಹೇಳ್ತಿಲ್ಲ. ಸಿಟ್ಟು ಇದೆ, ಅದು ಬೇರೆ. ನೀವು ಬಂದು ಅಲ್ಲಿ ನಿಂತು ನಾಟಕದ ಮಹಿಮೆ ಹೇಳ್ತೀರಿ. ಹೇಳದೆ ಇರೋಕೆ ನಿಮ್ಮಿಂದ ಆಗಲ್ಲ ಅಪ್ಪ. ನೀವು ಅದನ್ನ ಎಷ್ಟು ದೊಡ್ಡದು ಮಾಡಿ ಹೇಳ್ತೀರೋ ಅಷ್ಟು ಅವರಿಗೆ ಅನುಕೂಲ. ಇಷ್ಟು ದೊಡ್ಡದನ್ನ ಹೊಡೆದರೆ ಕೈ ಹೋಗದೆ ಇರುತ್ತಾ ಅಂತ ಬರೆದುಕೊಂಡು ಎದ್ದು ಹೋಗ್ತಾರೆ.

ಈ ಹತ್ತು ಸಾಲಿಗೆ ಇಡೀ ಬೆಳಗ್ಗೆ ಆಯಿತು.

ಚೂಟಿ


ಏಪ್ರಿಲ್ 10, ಸಂಜೆ ಐದು ಗಂಟೆ

ಚೂಟಿ,

ಈ ಕಾಗದಕ್ಕೆ ಅಂಚೆಚೀಟಿ ಇಲ್ಲ. ನಿನ್ನ ಊರಿನಲ್ಲೇ, ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿನ ನಿಲ್ದಾಣದಲ್ಲಿ ಗಾಡಿ ಕೂಗುವವನಿಗೆ ದನಿಯೇ ಇಲ್ಲ, ಮೂಗಿನಲ್ಲಿ ಗೊಣಗುತ್ತಾನೆ. ಎರಡು ಸಲ ಎದ್ದು ಹೋಗಿ ಹೇಳಿಕೊಡೋಣ ಅನ್ನಿಸಿತು. ಕೂತೆ.

ದೊಡ್ಡಕ್ಕ ಕೆಳಗೆ ಬೆಂಚಿನ ಮೇಲೆ ಕಾಯುತ್ತಿದ್ದಾರೆ. ಇದನ್ನು ನಿನ್ನ ಕೈಗೆ ಕೊಡುತ್ತಾರೆ. ನಾಳೆ ನೀವೂ ಒಳಗೆ ಬಂದು ಹೆಬ್ಬೆರಳು ತೋರಿಸುತ್ತೀರಾ ಎಂದು ಕೇಳಿದೆ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. "ಹದಿಮೂರು ವರ್ಷದ ಕೆಲಸ ಅಣ್ಣಾ" ಅಂದರು, ಅಷ್ಟೇ. ಒತ್ತಾಯ ಮಾಡುವ ಮುಖ ನನಗಿಲ್ಲ.

ನಿನ್ನ ಕಾಗದ ಬಂದಾಗ ನನ್ನ ಭಾಷಣ ಸಿದ್ಧವಾಗಿತ್ತು. ನೀನು ಹೇಳಿದಂತೆಯೇ. ನಾಲ್ಕು ಹಾಳೆ. "ಕಲಾವಿದನ ಮಗಳ ಕೈ ಇದು" ಎಂದು ಶುರು. ನಡುವೆ ನನ್ನ ಹನ್ನೊಂದು ನಾಟಕದ ವರ್ಣನೆ, ಕೊನೆಯಲ್ಲಿ ಕಣ್ಣೀರು. ನಮ್ಮ ನಿಲ್ದಾಣದಲ್ಲಿ ಗಾಡಿ ನಿಲ್ಲುವ ಎರಡನೆಯ ಅಂಕಣದಲ್ಲಿ ನಿಂತು ಹೇಳಿ ನೋಡಿದೆ. ಗುಮಾಸ್ತ ಕೌಂಟರು ಬಿಟ್ಟು ಎದ್ದು ಬಂದು ಚಪ್ಪಾಳೆ ತಟ್ಟಿದ. "ಅಣ್ಣಾ, ಆರೂ ನಾಟಕ ಕಣ್ಣ ಮುಂದೆ ಬೆಟ್ಟದ ಹಾಗೆ ನಿಂತುಬಿಟ್ಟವು" ಅಂದ. ಅವನು ಬೆಟ್ಟ ಅಂದದ್ದೇ ತಡ, ನಾಲ್ಕು ಹಾಳೆಯನ್ನೂ ಅವನ ಎದುರಿಗೇ ಹರಿದೆ. ಪಾಪ, ಚಪ್ಪಾಳೆ ತಟ್ಟಿದ್ದೇ ತಪ್ಪಾಯಿತೇನೋ ಎಂದು ಅವನು ಸಂಜೆಯವರೆಗೆ ನನ್ನ ಹತ್ತಿರ ಸುಳಿಯಲಿಲ್ಲ.

ಆಮೇಲೆ ಎರಡು ದಿನ ರಜೆ ಹಾಕಿ, ಕೋಣೆಯ ಬಾಗಿಲು ಹಾಕಿಕೊಂಡು, ನೀನು ಕಳಿಸಿದ ಆರು ಕಟ್ಟುಗಳನ್ನು ನೆಲದ ಮೇಲೆ ಹರಡಿದೆ. ಪೆನ್ಸಿಲು ಹಿಡಿದು ಸಾಲು ಎಣಿಸಿದೆ. ನನ್ನ ಮಾತುಗಳನ್ನು ಅರ್ಥ ನೋಡದೆ ಓದಿದ್ದು ಅದೇ ಮೊದಲು. ಸೇನಾಪತಿ ಗರ್ಜಿಸುವಾಗಲೂ ಒಂದು ಸಾಲು, ಸೇವಕ "ಅಪ್ಪಣೆ" ಅನ್ನುವಾಗಲೂ ಒಂದು ಸಾಲು. ರಾಣಿ ಸಾಯುವ ಹೊತ್ತಿಗೆ ಲೆಕ್ಕ ತಪ್ಪಿತು. ಕಣ್ಣು ಒರೆಸಿಕೊಂಡು ಆ ಕಟ್ಟನ್ನು ಮತ್ತೆ ಮೊದಲಿನಿಂದ ಹಿಡಿದೆ. ಎರಡನೆಯ ಸಲ ಅವಳು ಸತ್ತಾಗ ನನಗೆ ಏನೂ ಅನ್ನಿಸಲಿಲ್ಲ, ಮುನ್ನೂರ ಎಂಟು, ಮುನ್ನೂರ ಒಂಬತ್ತು ಎಂದು ದಾಟಿಕೊಂಡು ಹೋದೆ. ನೀನು ದಿನವೂ ಹಾಗೇ ದಾಟಿಕೊಂಡು ಹೋಗುತ್ತೀಯಲ್ಲವೇ, ಯಾರದೋ ಕಾಯಿಲೆ, ಯಾರದೋ ಸಾವು?

ಇನ್ನೂರ ಮೂವತ್ತಾರು ಹಾಳೆ. ಏಳು ಸಾವಿರದ ಐನೂರ ಐವತ್ತೆರಡು ಸಾಲು. ದಿನಕ್ಕೆ ಸಾವಿರದ ನೂರರ ಹಾಗೆ ಭಾಗಿಸಿದೆ. ಗುಮಾಸ್ತನ ಹತ್ತಿರವೂ ಲೆಕ್ಕ ಮಾಡಿಸಿದೆ, ನನ್ನ ಲೆಕ್ಕದ ಮೇಲೆ ನನಗೆ ನಂಬಿಕೆ ಬರಲಿಲ್ಲ. ಏಳು ದಿನ ತುಂಬುವುದಿಲ್ಲ, ಮಗಾ. ಸೋಮವಾರ ಶುರು ಮಾಡಿದರೆ ಭಾನುವಾರ ಬಿಟ್ಟು ಮುಂದಿನ ಸೋಮವಾರ ಸಂಜೆಯೊಳಗೆ ನನ್ನ ಆರು ನಾಟಕ ಮುಗಿದು, ನಿನ್ನ ಮೇಜಿನ ಮೇಲೆ ಇನ್ನೊಬ್ಬರ ಮೊಣಕಾಲಿನ ವರದಿ ಬಂದಿರುತ್ತದೆ. ನಾಲ್ಕು ವರ್ಷದಲ್ಲಿ ಅಂಥ ಏಳು ದಿನ ಎಷ್ಟು ಸಲ ಬಂದು ಹೋದವು ಎಂದು ಲೆಕ್ಕ ಹಾಕಲು ಹೊರಟೆ. ಗುಮಾಸ್ತ "ಬೇಡ ಬಿಡಿ ಅಣ್ಣಾ" ಅಂದ.

ಇದು ಅವರಿಗೆ ಹೇಳುವ ಲೆಕ್ಕ. ನಿನಗೆ ಹೇಳಬೇಕಾದ ಲೆಕ್ಕ ಇನ್ನೊಂದಿದೆ, ಅದನ್ನು ಅಲ್ಲಿ ಹೇಳುವುದಿಲ್ಲ. ಪ್ರತಿ ಹಾಳೆಯ ತಲೆಯಲ್ಲಿ ನೀನು ತಾರೀಕು ಹಾಕಿದ್ದೀ, ಕಚೇರಿಯ ಅಭ್ಯಾಸ ಇರಬೇಕು. ಕ್ಯಾಲೆಂಡರು ಪಕ್ಕಕ್ಕಿಟ್ಟುಕೊಂಡು ನೋಡಿದೆ. ಮೂವತ್ತೊಂದು ಭಾನುವಾರ. ಒಂದು ಭಾನುವಾರ ನಿನ್ನ ಹುಟ್ಟಿದ ದಿನ. ಅವತ್ತು ಒಂಬತ್ತು ಹಾಳೆ ಹೊಡೆದಿದ್ದೀ. ನನ್ನ ಮಗಳಿಗೆ ಆ ದಿನ ನಾನು ಒಂದು ಕಾಗದವನ್ನೂ ಹಾಕಿರಲಿಲ್ಲ, ಮೂರನೆಯ ನಾಟಕದ ನೋಟುಬುಕ್ಕು ಮಾತ್ರ ಕಳಿಸಿದ್ದೆ. ಕೈ ನೋಯುತ್ತಿದೆ ಎಂದು ನೀನು ಬರೆದಾಗ ನಾನು ಏನು ಮಾಡಿದೆ? ಮೂರು ತಾಸನ್ನು ಎರಡು ತಾಸು ಮಾಡಿದೆ. ದೊಡ್ಡ ಔದಾರ್ಯ ಅಂದುಕೊಂಡಿದ್ದೆ. ಇದನ್ನು ಹೇಗೆ ಹೇಳಬೇಕು ಎಂದು ನನ್ನ ಹನ್ನೊಂದು ನಾಟಕದಲ್ಲೂ ಹುಡುಕಿದೆ. ಯಾವ ರಾಜನೂ ಯಾರ ಹತ್ತಿರವೂ ತಪ್ಪಾಯಿತು ಅಂದಿಲ್ಲ. ನಾನು ಬರೆಯಲೇ ಇಲ್ಲ ಅಂಥ ಮಾತು. ತಪ್ಪಾಯಿತು ಮಗಾ.

ಉಳಿದ ಐದು ನೋಟುಬುಕ್ಕು ಪೆಟ್ಟಿಗೆಯಲ್ಲಿ ಇವೆ. ಅಲ್ಲೇ ಇರಲಿ. ಎಲ್ಲವೂ ಬಾಯಿಗೆ ಬರುತ್ತವೆ, ಬೇಕಾದವರು ಬಂದು ಕೇಳಲಿ.

ನೀನು ಬರಬೇಡ ಅಂದಿದ್ದೀ. ಆದರೂ ಬಂದೆ, ಅದು ನನ್ನ ಕೆಟ್ಟ ಚಾಳಿ. ಆದರೆ ಬಾಗಿಲು ದಾಟುವುದು ನಿನ್ನ ಅಪ್ಪಣೆಯಾದರೆ ಮಾತ್ರ. ನಾಳೆ ಬೆಳಗ್ಗೆ ಒಂಬತ್ತೂವರೆಗೆ ಆರು ಕಟ್ಟುಗಳನ್ನು ಕಂಕುಳಲ್ಲಿಟ್ಟುಕೊಂಡು ನಿಮ್ಮ ಕಚೇರಿಯ ಮೂರನೆಯ ಮಹಡಿ ಹತ್ತಿ, ಸಮಿತಿಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಒಳಗೆ ಹೋಗುವಾಗ ನನ್ನ ಕಡೆ ನೋಡು. ಬೇಡ ಎಂದು ತಲೆ ಆಡಿಸಿದರೆ, ನೀನು ಹೊರಗೆ ಬರುವವರೆಗೂ ಬಾಯಿ ಬಿಡದೆ ಅಲ್ಲೇ ಕೂತಿರುತ್ತೇನೆ. ಹೂಂ ಅಂದರೆ ನಿನ್ನ ಹಿಂದೆ ಒಳಗೆ ಬಂದು, ಕಟ್ಟುಗಳನ್ನು ಅವರ ಮೇಜಿನ ಮೇಲಿಟ್ಟು ಇಷ್ಟು ಹೇಳುತ್ತೇನೆ: "ಇವು ನನ್ನ ನಾಟಕಗಳು, ಸ್ವಾಮಿ. ಇದು ಬೆಟ್ಟವೇನಲ್ಲ. ನಿಮ್ಮ ಕಚೇರಿಯ ಏಳು ದಿನದ ಕೆಲಸ. ಎಣಿಸಿಕೊಳ್ಳಿ, ನಾನು ಕಾಯುತ್ತೇನೆ."

ಅಪ್ಪ